ಪಿಸಾಕ್: ಬೆಟ್ಟದ ಮೇಲಣ ಊರು, ಬೆಟ್ಟದ ಕೆಳಗಣ ಸಂತೆ

ಪೆರು ದೇಶಕ್ಕೆ ಹೋದವರು ಮಾಚು ಪಿಕ್ಚುವನ್ನು ನೋಡದೆ ಹಿಂದಿರುಗುವುದಿಲ್ಲ. ಆದರೆ ಅದೇ ನದಿಯ ದಂಡೆಯಲ್ಲಿ, ಅದೇ ಅರಸನ ಹೆಸರಿನೊಡನೆ ಸೇರಿಕೊಂಡು, ಕುಸ್ಕೊ ನಗರದಿಂದ ಒಂದೇ ಹಗಲಿನಲ್ಲಿ ಹೋಗಿಬರಬಹುದಾದಷ್ಟು ಹತ್ತಿರದಲ್ಲಿರುವ ಪಿಸಾಕ್ ಎಂಬ ಸ್ಥಳಕ್ಕೆ ಬರುವವರಲ್ಲಿ ಬಹುಮಂದಿ, ಬೆಟ್ಟದ ಮೇಲಿನ ಇಂಕಾ ಅವಶೇಷಗಳಿಗೆ ಇಷ್ಟು ಹೊತ್ತು, ಕೆಳಗಿನ ಸಂತೆಗೆ ಇಷ್ಟು ಹೊತ್ತು ಎಂದು ವೇಳೆಯನ್ನು ಪಾಲುಮಾಡಿಕೊಂಡು, ಆ ಎರಡನ್ನೂ ಒಂದಕ್ಕೊಂದು ಸಂಬಂಧವಿಲ್ಲದ ನೋಟಗಳೆಂದು ಭಾವಿಸಿ ಹೊರಟುಹೋಗುವರು. ಮೇಲೆ ಇರುವುದು ಸತ್ತುಹೋದ ನಾಗರಿಕತೆ, ಕೆಳಗೆ ನಡೆಯುವುದು ಇಂದಿನ ವ್ಯಾಪಾರ ಎಂಬುದು ಅವರ ಎಣಿಕೆ. ಈ ಎಣಿಕೆ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ನೆಟ್ಟಗೆ ನಿಂತ ಪರ್ವತಗಳ ನಾಡಿನಲ್ಲಿ, ಒಂದೊಂದು ಎತ್ತರಕ್ಕೆ ಒಂದೊಂದು ಬೆಳೆ ಮಾತ್ರ ಒಲಿಯುವ ನೆಲದಲ್ಲಿ, ಜನರೆಲ್ಲರ ಊಟದಲ್ಲಿಯೂ ಎಲ್ಲ ಎತ್ತರಗಳ ಫಲವು ಇರುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ ಮೇಲಿನ ಕಲ್ಲುಗೋಡೆಗಳು ಎದ್ದವು. ಅದೇ ಪ್ರಶ್ನೆಗೆ ಸಂತೆಯಲ್ಲಿ ಕಂಬಳಿ ಹಾಸಿ ಕುಳಿತ ರೈತ ಹೆಂಗಸರು ಇಂದಿಗೂ ತಮ್ಮ ಉತ್ತರವನ್ನು ಕೊಡುತ್ತಿದ್ದಾರೆ.

ಕುಸ್ಕೊ ನಗರವೇ ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರು ಎತ್ತರದಲ್ಲಿ ಇರುವುದು. ತಗ್ಗುನಾಡಿನಿಂದ ಬಂದವರಿಗೆ ಮೊದಲ ಒಂದೆರಡು ದಿನ ನಾಲ್ಕು ಮೆಟ್ಟಿಲು ಹತ್ತುವುದೂ ಪ್ರಯಾಸವಾಗುವುದು. ತಲೆನೋವು, ಏದುಸಿರು, ನಿದ್ರಾಭಂಗಗಳಿಂದ ಕೂಡಿದ ಈ ಗಿರಿವ್ಯಾಧಿಯನ್ನು ಅಲ್ಲಿಯವರು ಸೊರೊಚೆ ಎಂದು ಕರೆದು, ಕೋಕಾ ಎಲೆಯ ಕಷಾಯವನ್ನು ಕುಡಿಯಲು ಕೊಡುವರು. ಪಿಸಾಕ್ ಊರು ಕುಸ್ಕೊಗಿಂತ ಸುಮಾರು 400 ಮೀಟರು ತಗ್ಗಿನಲ್ಲಿ ಇರುವುದರಿಂದ ಅಲ್ಲಿ ಉಸಿರಾಟ ಸ್ವಲ್ಪ ಹಗುರ. ಸುಮಾರು 33 ಕಿಲೋಮೀಟರು ದಾರಿ. ನಗರವನ್ನು ಬಿಟ್ಟ ರಸ್ತೆ ಮೊದಲು ಮೇಲೇರಿ, ನೂರು ಟನ್ನನ್ನು ಮೀರಿದ ಬಂಡೆಗಳಿಂದ ಕಟ್ಟಿದ ಸಾಕ್ಸಾಯ್‌ವಾಮಾನ್ ಪ್ರಾಕಾರದ ಬದಿಯಲ್ಲಿ ಹಾದು, ತರುವಾಯ ಸುತ್ತಿಸುತ್ತಿ ಕಣಿವೆಗೆ ಇಳಿಯುವುದು. ಆ ಇಳಿಜಾರಿನ ಒಂದು ತಿರುವಿನಲ್ಲಿ ವಿಲ್ಕನೋಟಾ ನದಿಯೂ ಅದರ ಆಚೆಯ ಬೆಟ್ಟದ ಮೈಯೂ ಒಮ್ಮೆಗೇ ಕಾಣಿಸುವುವು. ಇದೇ ನದಿಗೆ ಕೆಳಗಡೆ ಉರುಬಾಂಬಾ ಎಂಬ ಹೆಸರು. ಅದೇ ಮುಂದೆ ಹರಿದು ಮಾಚು ಪಿಕ್ಚುವಿನ ಬುಡವನ್ನು ಬಳಸಿ ಅಮೆಜಾನಿನ ಕಾಡುಗಳಿಗೆ ಇಳಿಯುವುದು. ಪಿಸಾಕಿನ ಬಳಿ ಈ ನದಿ ಕಿಲೋಮೀಟರುಗಟ್ಟಲೆ ದೂರ ಸೆಟೆದ ನೂಲಿನಷ್ಟು ನೇರವಾಗಿ ಹರಿಯುವುದು ಸ್ವಾಭಾವಿಕವಾದ ಸಂಗತಿಯಲ್ಲ. ಹೊಳೆ ಅಂಕುಡೊಂಕಾಗಿ ಹರಿದು ಕಣಿವೆಯ ಸಮನೆಲವನ್ನು ಕೊರೆಯದಿರಲೆಂದು ಇಂಕಾ ಕಾಲದವರು ಎರಡೂ ಬದಿಗಳಲ್ಲಿ ಕಲ್ಲುಕಟ್ಟಡವನ್ನು ಕಟ್ಟಿ ಅದರ ಪಾತ್ರವನ್ನೇ ತಿದ್ದಿದರು.

ಈ ಸ್ಥಳದ ಕರ್ತೃವೆಂದು ಚರಿತ್ರಕಾರರು ಹೇಳುವುದು ಪಾಚಾಕುಟಿ ಎಂಬ ಇಂಕಾ ಅರಸನನ್ನು. ಪರಂಪರೆಯ ಲೆಕ್ಕದಂತೆ 1438ರ ಸುಮಾರಿನಲ್ಲಿ ಪಟ್ಟಕ್ಕೆ ಬಂದ ಈತನು, ಕುಸ್ಕೊ ಕಣಿವೆಯ ಒಂದು ಸಣ್ಣ ರಾಜ್ಯವನ್ನು ಎರಡು ತಲೆಮಾರುಗಳೊಳಗೆ ಇಂದಿನ ಕೊಲಂಬಿಯದ ಅಂಚಿನಿಂದ ಚಿಲಿ ದೇಶದ ನಡುಭಾಗದವರೆಗೆ ಹಬ್ಬಿದ ಸಾಮ್ರಾಜ್ಯವಾಗಿ ಮಾರ್ಪಡಿಸಿದ ವಂಶಕ್ಕೆ ನಿಜವಾದ ಆದಿಪುರುಷ. ಆತನು ಗೆದ್ದ ಒಂದೊಂದು ಸೀಮೆಯಲ್ಲಿ ತನಗೂ ತನ್ನ ಮನೆತನಕ್ಕೂ ಸೇರಿದ ಜಹಗೀರುಗಳನ್ನು ಕಟ್ಟಿಸಿದನು. ಪಿಸಾಕ್, ಒಯ್ಯಾಂತಾಯ್‌ತಾಂಬೊ, ಮಾಚು ಪಿಕ್ಚು ಈ ಮೂರೂ ಅಂಥವೆಂದು ವಿದ್ವಾಂಸರ ಮತ. ಇಂಕಾ ಅರಸನು ಸತ್ತರೆ ಅವನ ಆಸ್ತಿ ಮುಂದಿನ ಅರಸನಿಗೆ ಹೋಗುತ್ತಿರಲಿಲ್ಲ. ಸತ್ತವನ ಶರೀರವನ್ನು ಕೆಡದಂತೆ ಕಾಪಾಡಿ, ಅದಕ್ಕೆ ಉಡಿಸಿ, ಉಣ್ಣಿಸಿ, ಉತ್ಸವಗಳಲ್ಲಿ ಮೆರೆಸುತ್ತಿದ್ದ ಅವನ ಸಂತತಿಯವರೇ ಆ ಭೂಮಿಯನ್ನು ಅನುಭವಿಸುತ್ತಿದ್ದರು. ಹೊಸ ಅರಸನು ತನ್ನ ಭೂಮಿಯನ್ನು ತಾನೇ ಸಂಪಾದಿಸಬೇಕಾಗಿತ್ತು. ಆ ರಾಜ್ಯ ಅಷ್ಟು ಬೇಗ ಬೆಳೆದುದಕ್ಕೆ ಇದೂ ಒಂದು ಕಾರಣವೆಂದು ಕೆಲವರು ಊಹಿಸುವುದು ಯುಕ್ತವಾಗಿಯೇ ತೋರುವುದು. ಪಾಚಾಕುಟಿಯು ಪಟ್ಟಕ್ಕೆ ಬಂದ ಕಾಲಕ್ಕೆ ವಿಜಯನಗರದಲ್ಲಿ ಇಮ್ಮಡಿ ದೇವರಾಯನು ಆಳುತ್ತಿದ್ದನೆಂಬುದನ್ನು ನೆನೆದರೆ, ಕನ್ನಡಿಗರಿಗೆ ಈ ಕಾಲಮಾನವು ತಟ್ಟನೆ ಹತ್ತಿರವಾದೀತು.

ಬೆಟ್ಟವನ್ನು ನೋಡುವ ಕ್ರಮವೊಂದುಂಟು. ವಾಹನದಲ್ಲಿ ಮೇಲಿನ ದ್ವಾರದವರೆಗೆ ಹೋಗಿ, ಅಲ್ಲಿಂದ ಅವಶೇಷಗಳ ನಡುವೆ ನಡೆದು, ಮೆಟ್ಟಿಲುಹಾದಿಯನ್ನು ಹಿಡಿದು ಕೆಳಗಿನ ಊರಿಗೆ ಇಳಿಯುವುದು ಮೇಲು. ಹೀಗೆ ಇಳಿಯುವವನಿಗೆ ಮೊದಲು ಎದುರಾಗುವುದು ಅರಮನೆಯೂ ಅಲ್ಲ, ದೇವಾಲಯವೂ ಅಲ್ಲ, ಹೊಲಗಳು. ಬೆಟ್ಟದ ಬಾಗಿಗೆ ಸರಿಯಾಗಿ ಬಾಗುತ್ತ, ಒಂದರ ಕೆಳಗೊಂದು ಇಳಿಯುತ್ತ, ಕಣಿವೆಯ ತಳದವರೆಗೆ ಹಬ್ಬಿದ ಮೆಟ್ಟಿಲುಹೊಲಗಳ ಈ ಶ್ರೇಣಿಯೇ ಪಿಸಾಕಿನ ಪರಮವೈಭವವೆಂದು ನಾನು ಎಣಿಸುವೆನು.

ಇವುಗಳ ಅಂದಕ್ಕಿಂತ ಇವುಗಳ ಒಡಲಿನಲ್ಲಿ ಅಡಗಿರುವ ಶಾಸ್ತ್ರವು ಹೆಚ್ಚು ಆಶ್ಚರ್ಯಕರವಾದುದು. ಮೊದಲು ಬೆಟ್ಟದ ಕಡೆಗೆ ತುಸು ವಾಲಿದ ಗೋಡೆಯನ್ನು ಎಬ್ಬಿಸುವರು. ಅದರ ಹಿಂದಿನ ಪೊಳ್ಳಿನಲ್ಲಿ ತಳಕ್ಕೆ ದಪ್ಪ ಕಲ್ಲುಗಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಮರಳುಮಣ್ಣು, ಕಟ್ಟಕಡೆಗೆ ಬೇರೆಡೆಯಿಂದ ಹೊತ್ತು ತಂದ ಫಲವತ್ತಾದ ಮಣ್ಣು, ಹೀಗೆ ಪದರಪದರವಾಗಿ ತುಂಬುವರು. ಮಳೆಗಾಲದಲ್ಲಿ ಬಿದ್ದ ನೀರು ಗೋಡೆಯನ್ನು ಒತ್ತಿ ಒಡೆಯದೆ ಈ ಪದರಗಳ ಮೂಲಕ ಬಸಿದು ಕೆಳಗಿನ ಹೊಲಕ್ಕೆ ಇಳಿಯುವುದು. ಮಣ್ಣು ಕೊಚ್ಚಿಹೋಗದು, ಗುಡ್ಡ ಜರಿಯದು. ಇಷ್ಟೇ ಆಗಿದ್ದರೆ ಇದನ್ನು ಒಳ್ಳೆಯ ಕಟ್ಟಡಗಾರಿಕೆ ಎಂದು ಹೊಗಳಿ ಸುಮ್ಮನಿರಬಹುದಾಗಿತ್ತು. ಆದರೆ ಆ ಎತ್ತರದಲ್ಲಿ ಬೇಸಾಯಗಾರನ ಕಡುವೈರಿ ಇರುಳಿನ ಹಿಮಗಟ್ಟುವ ಚಳಿ. ನಡುಹಗಲಿನಲ್ಲಿ ಬಿಸಿಲು ಮೈಸುಡುವ ಜೂನ್ ಜುಲೈ ತಿಂಗಳುಗಳಲ್ಲಿಯೇ ಇರುಳು ನೀರು ಹೆಪ್ಪುಗಟ್ಟುವುದು. ಹಗಲಿನ ಬಿಸಿಲನ್ನು ಹೀರಿಕೊಂಡ ಕಲ್ಲುಗೋಡೆ ಇರುಳಿನಲ್ಲಿ ಆ ಶಾಖವನ್ನು ಮೆಲ್ಲಮೆಲ್ಲನೆ ಬಿಟ್ಟುಕೊಟ್ಟು ಪೈರಿನ ಬೇರನ್ನು ಕಾಯುವುದು. ತಣ್ಣನೆಯ ಗಾಳಿ ಒಂದೆಡೆ ನಿಲ್ಲದೆ ಇಳಿಜಾರಿನಲ್ಲಿ ಜಾರಿಹೋಗುವುದು. ಇಂಥ ಎಡೆಯಲ್ಲಿ ಬಯಲಿನಲ್ಲಿ ಬಾರದ ಮುಸುಕಿನ ಜೋಳವೂ ಬರುವುದು. ಒಂದು ಹೊಲದಿಂದ ಇನ್ನೊಂದಕ್ಕೆ ಹತ್ತಲು, ಗೋಡೆಯಿಂದ ಹೊರಕ್ಕೆ ಚಾಚಿದ ಉದ್ದನೆಯ ಕಲ್ಲುಗಳನ್ನು ಓರೆಯಾಗಿ ನೆಟ್ಟಿರುವರು. ಅಂಗುಲ ನೆಲವನ್ನೂ ಮೆಟ್ಟಿಲಿಗಾಗಿ ಕಳೆದುಕೊಳ್ಳದ ಆ ಮಿತವ್ಯಯವನ್ನು ಕಂಡಾಗ, ಭೂಮಿಯ ಬೆಲೆಯನ್ನು ಬಲ್ಲವರು ಇದನ್ನು ಕಟ್ಟಿದರೆಂದು ತಿಳಿಯುವುದು.

ಹೊಲಗಳನ್ನು ದಾಟಿ ಬೆಟ್ಟದ ಬೆನ್ನಿನ ಮೇಲೆ ಸಾಗುವ ಹಾದಿ ಒಮ್ಮೆ ಬಂಡೆಯನ್ನು ಕೊರೆದ ಕಿರುಸುರಂಗದಲ್ಲಿ ನುಸುಳುವುದು, ಒಮ್ಮೆ ಪ್ರಪಾತದ ಅಂಚಿನಲ್ಲಿ ಸಾಗುವುದು. ಎಡೆಯ ಕಮರಿಯ ಆಚೆಯ ಕಡಿದಾದ ಬಂಡೆಯಲ್ಲಿ ನೂರಾರು ಕರಿಯ ರಂಧ್ರಗಳು ಕಾಣುವುವು. ಅವು ಸಮಾಧಿಗಳು, ಮೊಣಕಾಲುಗಳನ್ನು ಎದೆಗೆ ಮಡಿಸಿ ಬಟ್ಟೆಯಲ್ಲಿ ಸುತ್ತಿದ ಶವಗಳನ್ನು, ಅವರವರ ಪಾತ್ರೆಪದಾರ್ಥಗಳೊಡನೆ, ಆ ಗೂಡುಗಳಲ್ಲಿ ಕೂರಿಸಿ ಬಾಯಿ ಮುಚ್ಚುತ್ತಿದ್ದರು. ಚಿನ್ನದ ಆಸೆಯಿಂದ ಸ್ಪೇನಿನವರೂ ಅವರ ತರುವಾಯದ ಗೋರಿಗಳ್ಳರೂ ಅವುಗಳನ್ನು ಒಡೆದು ಬರಿದುಮಾಡಿದರು. ಅಲ್ಲಿಂದ ಮುಂದೆ ಬೆಟ್ಟದ ತೋಳಿನ ಮೇಲೆ ಪಿಸಾಕಿನ ದೇವಾಲಯವರ್ಗ. ಇಂತಿವತಾನಾ ಎಂಬ, ಬೆಟ್ಟದ ಮೂಲಬಂಡೆಯಲ್ಲಿಯೇ ಕಡೆದ ಶಿಲೆಯೊಂದನ್ನು ನಡುವೆ ಇಟ್ಟುಕೊಂಡು, ಅದರ ಸುತ್ತ ಬಾಗಿದ ಗೋಡೆಯ ಮಂದಿರವೊಂದು ನಿಂತಿದೆ. ಸೂರ್ಯನ ಗತಿಯನ್ನು ನೋಡಿ ಬಿತ್ತನೆಯ ಕಾಲವನ್ನೂ ಹಬ್ಬಗಳನ್ನೂ ಗೊತ್ತುಮಾಡುವುದಕ್ಕೆ ಇಂಥ ಸ್ಥಾನಗಳು ಒದಗುತ್ತಿದ್ದುವೆಂದು ವಿದ್ವಾಂಸರು ತಿಳಿಯುವರು. ಇಲ್ಲಿಯ ನಸುಗೆಂಪು ಛಾಯೆಯ ಕಲ್ಲುಗಳ ನಡುವೆ ಗಾರೆಯಿಲ್ಲ. ಕಬ್ಬಿಣವನ್ನು ಅರಿಯದ ಜನ, ಗಟ್ಟಿಯಾದ ಗುಂಡುಗಲ್ಲುಗಳಿಂದಲೇ ಕುಟ್ಟಿಕುಟ್ಟಿ, ಒಂದು ಕಲ್ಲಿನ ಉಬ್ಬಿಗೆ ಇನ್ನೊಂದರ ತಗ್ಗು ಕೂಡುವಂತೆ ಮತ್ತೆ ಮತ್ತೆ ಇಟ್ಟು ನೋಡಿ ಇವನ್ನು ಹೊಂದಿಸಿದರು. ಬಾಗಿಲುಗಳೂ ಗೂಡುಗಳೂ ಬುಡದಲ್ಲಿ ಅಗಲ, ತಲೆಯಲ್ಲಿ ಕಿರಿದು; ಗೋಡೆಗಳು ಒಳಕ್ಕೆ ವಾಲಿದವು. ಭೂಕಂಪದ ನಾಡಿನಲ್ಲಿ ಈ ಕ್ರಮದ ಬೆಲೆ ಏನೆಂಬುದು 1950ರ ಮೇ ತಿಂಗಳಲ್ಲಿ ಕುಸ್ಕೊ ನಗರ ನಡುಗಿದಾಗ ಎಲ್ಲರಿಗೂ ಕಂಡಿತು: ಇಂಕಾ ಸೂರ್ಯಾಲಯದ ಮೇಲೆ ಸ್ಪೇನಿನವರು ಎಬ್ಬಿಸಿದ್ದ ಸಾಂತೊ ದೊಮಿಂಗೊ ಮಠ ಬಿರಿದು ಕುಸಿಯಿತು, ಅದರ ಕೆಳಗಿದ್ದ ಹಳೆಯ ಗೋಡೆಗಳು ನಿಂತವು.

ಇಷ್ಟನ್ನೆಲ್ಲ ಕಟ್ಟಿದ ಕೈಗಳು ಯಾರವು ಎಂಬುದನ್ನು ಕೇಳದೆ ಮುಂದೆ ಹೋಗುವುದು ನನಗೆ ಸರಿತೋರದು. ಆಂಡೀಸ್ ಪರ್ವತಗಳ ಹಳ್ಳಿಗರು ಆಯ್ಯು ಎಂಬ ಬಂಧುಸಮುದಾಯಗಳಾಗಿ ಬಾಳುತ್ತಿದ್ದರು; ಇಂದಿಗೂ ಅನೇಕ ಕಡೆ ಬಾಳುತ್ತಿದ್ದಾರೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂಬ, ನಮ್ಮ ಹಳ್ಳಿಗಳ ಮುಯ್ಯಾಳಿಗೆ ಸಮನಾದ ಐನಿ ಪದ್ಧತಿ ಆ ಬಾಳಿನ ಆಧಾರ. ಇಂಕಾ ಅರಸರು ಈ ಪದ್ಧತಿಯನ್ನೇ ಹಿಗ್ಗಿಸಿ, ಪ್ರತಿಯೊಂದು ಸಮುದಾಯವೂ ಸರದಿಯ ಮೇಲೆ ರಾಜ್ಯಕ್ಕೆ ದುಡಿಮೆಯನ್ನು ಸಲ್ಲಿಸಬೇಕೆಂದು ವಿಧಿಸಿದರು; ದುಡಿದವರಿಗೆ ಅನ್ನ, ಜೋಳದ ಮದ್ಯ, ಬಟ್ಟೆಗಳನ್ನು ರಾಜ್ಯವು ಕೊಡುತ್ತಿತ್ತು. ಆ ಸಾಮ್ರಾಜ್ಯದಲ್ಲಿ ನಾಣ್ಯವಿರಲಿಲ್ಲ. ಅಕ್ಷರವೂ ಇರಲಿಲ್ಲ, ಕೀಪು ಎಂಬ ಗಂಟುಹಾಕಿದ ದಾರಗಳಲ್ಲಿ, ದಶಮಾನ ಕ್ರಮದಲ್ಲಿ, ಜನದ ಲೆಕ್ಕವೂ ಧಾನ್ಯದ ಲೆಕ್ಕವೂ ಉಳಿಯುತ್ತಿತ್ತು. ಗಾಳಿ ಆಡುವ ಇಳಿಜಾರುಗಳಲ್ಲಿ ಸಾಲುಸಾಲಾಗಿ ಕಟ್ಟಿದ ಉಗ್ರಾಣಗಳು ಪೇಟೆಯ ಸ್ಥಾನದಲ್ಲಿದ್ದವು. ಅವು ಎಷ್ಟು ತುಂಬಿದ್ದುವೆಂದರೆ, ಸಾಮ್ರಾಜ್ಯ ಬಿದ್ದ ಅನಂತರ ಅನೇಕ ವರ್ಷಗಳವರೆಗೆ ಹೌಹಾ ಪ್ರಾಂತದ ಉಗ್ರಾಣಗಳ ದವಸವನ್ನೇ ಸ್ಪೇನಿನ ದಂಡುಗಳು ತಿಂದವು. ಈ ವ್ಯವಸ್ಥೆಯಲ್ಲಿ ಬಲಾತ್ಕಾರವಿರಲಿಲ್ಲವೆಂದು ನಾನು ಹೇಳಲಾರೆ. ಗೆದ್ದ ಜನರನ್ನು ಬುಡಸಹಿತ ಕಿತ್ತು ದೂರದ ಸೀಮೆಗಳಲ್ಲಿ ನೆಲಸುವಂತೆ ಮಾಡಿದ ರಾಜ್ಯ ಅದು. ಆದರೂ ಬೇರೆ ಬೇರೆ ಎತ್ತರಗಳ ಭೂಮಿಯನ್ನು ಒಂದೇ ಸಮುದಾಯ ಹಿಡಿದು, ಮೇಲೆ ಲಾಮಾ ಮೇಯಿಸಿ, ನಡುವೆ ಆಲೂಗಡ್ಡೆ ನೆಟ್ಟು, ಕಣಿವೆಯಲ್ಲಿ ಜೋಳ ಬಿತ್ತಿ, ಪೂರ್ವದ ಬೆಚ್ಚನೆಯ ಇಳಿಜಾರಿನಲ್ಲಿ ಕೋಕಾ ಎಲೆ ಕೊಯ್ದು, ಎಲ್ಲವನ್ನೂ ತಮ್ಮೊಳಗೆ ಹಂಚಿಕೊಳ್ಳುವ ಆ ನಾಡಿನ ಅತಿ ಪ್ರಾಚೀನವಾದ ಜೀವನಕ್ರಮವನ್ನು ಅದು ಕೆಡಿಸದೆ ಬೆಳೆಸಿತು. ಮಾನವಶಾಸ್ತ್ರಜ್ಞ ಜಾನ್ ಮುರ್ರಾ ಇದನ್ನು ಲಂಬವಾಗಿ ಹರಡಿದ ದ್ವೀಪಸಮೂಹವೆಂದು ಬಣ್ಣಿಸಿದ್ದು ಹೆಸರಾಗಿದೆ.

1532ರಲ್ಲಿ ಕಾಹಾಮಾರ್ಕಾ ಪಟ್ಟಣದಲ್ಲಿ ಇಂಕಾ ಅರಸ ಅತಾವಾಲ್ಪನು ಸ್ಪೇನಿನವರಿಗೆ ಸೆರೆಸಿಕ್ಕಿದನು. ಮರುವರ್ಷ ಅವರ ದಂಡನಾಯಕ ಪಿಸಾರೊ ಕುಸ್ಕೊವನ್ನು ಹೊಕ್ಕನು. 1572ರಲ್ಲಿ ಕೊನೆಯ ಇಂಕಾ ತುಪಾಕ್ ಅಮಾರುವಿನ ಶಿರಚ್ಛೇದವಾಯಿತು. ಆ ವಧೆಗೆ ಆಜ್ಞೆಯಿತ್ತ ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ ಎಂಬವನೇ, ಬೆಟ್ಟಗಳಲ್ಲಿ ಚದರಿದ್ದ ಜನರನ್ನು ತಗ್ಗಿಗೆ ಇಳಿಸಿ, ತೆರಿಗೆಗೂ ಮತಬೋಧೆಗೂ ಅನುಕೂಲವಾಗುವಂತೆ ಚೌಕಬೀದಿಗಳ ಹೊಸ ಊರುಗಳಲ್ಲಿ ಒತ್ತಟ್ಟಿಗೆ ನೆಲಸಬೇಕೆಂದು ಕಟ್ಟಳೆ ಮಾಡಿದನು. ಇಂದಿನ ಪಿಸಾಕ್ ಹೀಗೆ ಹುಟ್ಟಿದ ಊರು. ನಡುವೆ ಚೌಕ, ಅದರ ಬದಿಗೆ ಇಗರ್ಜಿ, ನೇರವಾದ ಬೀದಿಗಳು. ಬೆಟ್ಟದಿಂದ ಇಳಿಯುವ ಪ್ರವಾಸಿಯ ಹೆಜ್ಜೆ ಈ ಚರಿತ್ರೆಯ ಹಾದಿಯಲ್ಲಿಯೇ ಬೀಳುವುದು.

ಸಂತೆಯ ಪರಂಪರೆಯ ದಿನಗಳು ಮಂಗಳವಾರ, ಗುರುವಾರ, ಭಾನುವಾರ; ಭಾನುವಾರದ್ದೇ ದೊಡ್ಡದು. ಪ್ರವಾಸಿಗರಿಗೆಂದು ಕೈಕಸಬಿನ ಪದಾರ್ಥಗಳ ಅಂಗಡಿಗಳು ಈಗ ದಿನವೂ ತೆರೆದಿರುವುವು. ಅದಾಗ್ಯೂ ಊರಿನ ಸಂತೆಯನ್ನು ನೋಡಬೇಕೆಂಬವನು ಭಾನುವಾರ ಬೆಳಿಗ್ಗೆ ತರಕಾರಿಯ ಭಾಗಕ್ಕೆ ನೇರವಾಗಿ ಹೋಗತಕ್ಕದ್ದು. ಅಂದು ಇಗರ್ಜಿಯಲ್ಲಿ ಕೆಚುವಾ ಭಾಷೆಯಲ್ಲಿ ಪೂಜೆ ನಡೆಯುವುದು. ಸುತ್ತಲಿನ ಹಳ್ಳಿಗಳ ಹಿರಿಯರು ಬೆಳ್ಳಿಕಟ್ಟಿನ ಅಧಿಕಾರದಂಡಗಳನ್ನು ಹಿಡಿದು, ಶಂಖವನ್ನು ಊದಿಸುತ್ತ ಆ ಪೂಜೆಗೆ ಇಳಿದು ಬರುವ ವಾಡಿಕೆಯುಂಟು. ಈ ಭಾಷೆಗೆ ಪೆರು ಸರಕಾರ 1975ರಲ್ಲಿ ಅಧಿಕೃತ ಸ್ಥಾನವನ್ನು ಕೊಟ್ಟಿತು. ಜನ ಅದನ್ನು ಆಡುವುದನ್ನು ಎಂದೂ ಬಿಟ್ಟಿರಲಿಲ್ಲ.

ತರಕಾರಿಯ ಸಾಲಿನಲ್ಲಿ ನಿಂತು ನೋಡಿದರೆ, ನಡೆದು ಇಳಿದ ಬೆಟ್ಟವೇ ಕಂಬಳಿಗಳ ಮೇಲೆ ರಾಶಿರಾಶಿಯಾಗಿ ಹರಡಿರುವುದು ತಿಳಿಯುವುದು. ಇದೇ ಕಣಿವೆಯ ಹೆಸರಾಂತ ಬಿಳಿಯ ಜೋಳ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಾಳುಗಳದ್ದು, ಬೇಯಿಸಿದ ತೆನೆಗೆ ಗಿಣ್ಣಿನ ತುಂಡನ್ನು ಕೂಡಿಸಿ ಮಾರುವರು. ಅದರ ಪಕ್ಕದಲ್ಲಿ ಮೇಲಣ ಇಳಿಜಾರಿನಿಂದ ಬಂದ ಕಂದಮೂಲಗಳು: ಹುಳಿಸಿಹಿಯಾದ ಓಕಾ, ನುಣುಪಾದ ಓಯುಕೊ, ಕಟುವಾದ ಮಾಷುವಾ, ಮತ್ತು ಬಣ್ಣಬಣ್ಣದ ಆಲೂಗಡ್ಡೆ, ನೇರಿಳೆ, ಕಪ್ಪು, ಹಳದಿ, ಒಳಗೆ ಕೆಂಪು ಚಕ್ರವಿರುವುದು, ಸುಲಿಯಲಾಗದಷ್ಟು ಗಂಟುಗಂಟಾದದ್ದು. ಪೆರು ದೇಶದಲ್ಲಿ ಆಲೂಗಡ್ಡೆಯ ಮೂರು ಸಾವಿರಕ್ಕೂ ಮಿಕ್ಕ ತಳಿಗಳುಂಟು. ಇನ್ನೂ ಎತ್ತರದಿಂದ ಬಂದದ್ದು ಚುನ್ಯೊ ಎಂಬ ಒಣಗಡ್ಡೆ. ಹಿಮಗಟ್ಟುವ ಇರುಳುಗಳಲ್ಲಿ ಸಣ್ಣ ಗಡ್ಡೆಗಳನ್ನು ಬಯಲಿನಲ್ಲಿ ಹರಡಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿನಲ್ಲಿ ಕರಗಿದಾಗ ಬರಿಗಾಲಿನಿಂದ ತುಳಿದು ನೀರನ್ನು ಹಿಂಡಿ, ಹೀಗೆ ಹಲವು ದಿನ ಮಾಡಿ ಒಣಗಿಸಿದರೆ ಅದು ವರ್ಷಗಳವರೆಗೆ ಕೆಡದು. ಹೊಲದಲ್ಲಿ ಪೈರನ್ನು ಕೊಲ್ಲುವ ಹಿಮವನ್ನೇ ಅನ್ನವನ್ನು ಕಾಯುವ ಕೆಲಸಕ್ಕೆ ಹಚ್ಚಿದ ಈ ಉಪಾಯವನ್ನು ನಾನು ಇಂತಿವತಾನಾದ ಗೋಡೆಗಿಂತ ಕಡಮೆಯ ಸಾಧನೆಯೆಂದು ಎಣಿಸಲಾರೆ. ಇಂಕಾ ಉಗ್ರಾಣಗಳನ್ನು ತುಂಬಿದ ಮುಖ್ಯ ಆಹಾರಗಳಲ್ಲಿ ಇದೂ ಒಂದಾಗಿತ್ತು.

ಮೇಲಿನವಳು ಗಡ್ಡೆಯನ್ನು ಕೊಟ್ಟು ಕೆಳಗಿನವಳ ಜೋಳವನ್ನು ಕೊಳ್ಳುವಾಗ, ಕೆಲವೊಮ್ಮೆ ನಡುವೆ ಹಣವೇ ಬರುವುದಿಲ್ಲ. ಉತ್ತರಕ್ಕಿರುವ ಲಾರೆಸ್ ಕಣಿವೆಯ ಸಂತೆಗಳಲ್ಲಿ ಈ ವಿನಿಮಯವು ಇಂದಿಗೂ ಬಲವಾಗಿ ನಡೆಯುವುದು; ಮೇಲುನಾಡಿನವರು, ಕಣಿವೆಯವರು, ಕಾಡಿನಂಚಿನ ಹಣ್ಣು ಕೋಕಾಗಳನ್ನು ತರುವವರು, ಮೂವರೂ ಅಲ್ಲಿ ಕೂಡುವರು. ಹಣ ಕೊಟ್ಟು ಕೊಂಡಾಗಲೂ ಕೊನೆಯಲ್ಲಿ ಒಂದು ಹಿಡಿ ಹೆಚ್ಚಿಗೆ ಹಾಕದೆ ಮಾರಿದವಳು ಸುಮ್ಮನಾಗುವುದಿಲ್ಲ. ಯಾಪಾ ಎಂಬ ಈ ಕೊಸರನ್ನು ಕೇಳಿ ಪಡೆಯುವುದು ಅಲ್ಲಿ ಸ್ನೇಹದ ಗುರುತು.

ನೇಯ್ಗೆಯ ಅಂಗಡಿಗಳಲ್ಲಿ ಎಚ್ಚರ ಬೇಕು. ಅಲ್ಪಾಕಾ ಉಣ್ಣೆಯೆಂದು ಹೇಳಿ ಯಂತ್ರದಲ್ಲಿ ನೇಯ್ದ ಕೃತಕ ನೂಲಿನ ಶಾಲುಗಳನ್ನು ಮಾರುವವರು ಅನೇಕರು. ಕೈಮಗ್ಗದ ನಿಜವಾದ ಆಂಡೀಸ್ ವಸ್ತ್ರಕ್ಕೆ ಒಂದು ಲಕ್ಷಣವುಂಟು: ಅದರ ನಾಲ್ಕು ಅಂಚುಗಳೂ ನೇಯ್ದ ಅಂಚುಗಳೇ. ನೇಯುವವಳು ಮಗ್ಗದ ಒಂದು ತುದಿಯನ್ನು ಗೂಟಕ್ಕೆ ಬಿಗಿದು ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡು, ಬೇಕಾದ ಅಳತೆಗೆ ಹಾಸನ್ನು ಹೂಡಿ ಕೊನೆಯವರೆಗೂ ನೇಯುವಳು. ಬಟ್ಟೆಗೆ ಕತ್ತರಿ ಸೋಕದು. ಇಂಕಾ ಕಾಲದಲ್ಲಿ ನಯವಾದ ಬಟ್ಟೆಗೆ ಚಿನ್ನಕ್ಕಿಂತ ಹೆಚ್ಚಿನ ಮಾನವಿತ್ತು. ಅರಸನು ಮೆಚ್ಚಿದವರಿಗೆ ಅದನ್ನೇ ಉಡುಗೊರೆಯಾಗಿ ಕೊಡುತ್ತಿದ್ದನು. ಕೆಂಪು ಬಣ್ಣವು ಕೊಚಿನೀಲ್ ಎಂಬ ಸಣ್ಣ ಕೀಟದ್ದು. ನಾವು ಪಾಪಸುಕಳ್ಳಿ ಎನ್ನುವ ಗಿಡದ ಮೇಲೆ ಬದುಕುವ ಅದನ್ನು ಒಣಗಿಸಿ ಅರೆದರೆ ಕಡುಗೆಂಪು ಬರುವುದು; ಲಿಂಬೆಯ ಹುಳಿ ಬೆರೆಸಿದರೆ ಕಿತ್ತಳೆಯ ಕಡೆಗೂ ಕ್ಷಾರ ಬೆರೆಸಿದರೆ ನೇರಿಳೆಯ ಕಡೆಗೂ ತಿರುಗುವುದು. ನೂಲಿನ ಹುರಿಯನ್ನು ಬೆರಳಿನಿಂದ ಬಿಚ್ಚಿ ನೋಡಿ, ನೇಯ್ದವಳೊಡನೆ ನಾಲ್ಕು ಮಾತಾಡಿ, ಹೇಳಿದ ಬೆಲೆಯನ್ನು ಹೆಚ್ಚು ಜಗ್ಗದೆ ಕೊಡುವುದು ಒಳ್ಳೆಯದು. ಒಂದು ಹೊದಿಕೆಯ ಹಿಂದೆ ವಾರಗಳ ದುಡಿಮೆ ಇರುವುದು.

ಈ ಸಂತೆಯಲ್ಲಿ ಕನ್ನಡನಾಡಿನವನು ಪರಕೀಯನಾಗಿ ಇರಲು ಕಾರಣವಿಲ್ಲ. ಹಾಸನದ ಹೊಲಗಳ ಆಲೂಗಡ್ಡೆಯ ಮೂಲತಳಿಗಳು ಟಿಟಿಕಾಕಾ ಸರೋವರದ ಸುತ್ತಣ ಆಂಡೀಸ್ ಎತ್ತರಗಳಲ್ಲಿಯೇ ಮೊದಲು ಮನುಷ್ಯನ ಕೈಗೆ ಪಳಗಿದವು. ಬಸವನಗುಡಿಯ ಪರಿಷೆಯಲ್ಲಿ ರಾಶಿಬೀಳುವ ಕಡಲೆಕಾಯಿಯೂ ದಕ್ಷಿಣ ಅಮೆರಿಕದ್ದು. ಪೆರುವಿನ ಉತ್ತರ ಕರಾವಳಿಯ ಸಿಪಾನ್‌ನಲ್ಲಿ 1987ರಲ್ಲಿ ತೆರೆದ, ಇಂಕಾಗಳಿಗಿಂತ ಸಾವಿರ ವರ್ಷ ಹಿಂದಿನ ರಾಜಸಮಾಧಿಯಲ್ಲಿ ಚಿನ್ನ ಬೆಳ್ಳಿಗಳ ಕಡಲೆಕಾಯಿ ಹಾರ ಸಿಕ್ಕಿತು. ನಾವು ಪ್ರತಿದಿನ ಉಣ್ಣುವ ಮೆಣಸಿನಕಾಯಿಯೂ ಅಮೆರಿಕ ಖಂಡಗಳ ಕೊಡುಗೆಯೇ. ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಹಾಲುವಾಣದ ಹತ್ತಿರದ ನಂಟ, ಪಿಸೊನಾಯ್ ಎಂಬ ಕೆಂಪು ಹೂವಿನ ಮರ, ಈ ಕಣಿವೆಯ ಊರುಚೌಕಗಳಲ್ಲಿ ನೆರಳು ಕೊಡುವುದು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಪಿಸಾಕಿನ ಮೇಲಣ ಬೆಟ್ಟಗಳಲ್ಲಿ ಕೆಚುವಾ ರೈತರ ಕೆಲವು ಹಳ್ಳಿಗಳು ತಮ್ಮ ಭೂಮಿಗಳನ್ನು ಕೂಡಿಸಿ ಆಲೂಗಡ್ಡೆಯ ಉದ್ಯಾನವೊಂದನ್ನು ನಡೆಸುತ್ತಿವೆ. ಸುಮಾರು 9,000 ಹೆಕ್ಟೇರು ವಿಸ್ತಾರದ ಆ ನೆಲದಲ್ಲಿ ಸಾವಿರಕ್ಕೂ ಹೆಚ್ಚು ತಳಿಗಳು ಬೆಳೆಯುತ್ತವೆ. ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ವಿಜ್ಞಾನಿಗಳು ಹಿಂದೆ ಇದೇ ಬೆಟ್ಟಗಳ ರೈತರಿಂದ ತಳಿಗಳನ್ನು ಸಂಗ್ರಹಿಸಿ ಕಾಪಾಡಿದ್ದರು. ಅವುಗಳಲ್ಲಿ ಹಲವು ಹೊಲಗಳಿಂದ ಕಣ್ಮರೆಯಾಗಿದ್ದವು. 2004ರಲ್ಲಿ ಆದ ಒಪ್ಪಂದದಂತೆ ಆ ಕೇಂದ್ರವು ನೂರಾರು ತಳಿಗಳ ರೋಗರಹಿತ ಬೀಜಗಡ್ಡೆಗಳನ್ನು ಈ ಹಳ್ಳಿಗಳಿಗೆ ಹಿಂದಿರುಗಿಸಿತು. ಹವೆ ಬಿಸಿಯಾಗುತ್ತಿರುವುದರಿಂದ ರೋಗವೂ ಕೀಟವೂ ಮೇಲೇರುತ್ತಿವೆ. ಅಜ್ಜಂದಿರು ನೆಡುತ್ತಿದ್ದ ಎತ್ತರಗಳನ್ನು ಬಿಟ್ಟು ರೈತರು ಇನ್ನೂ ಮೇಲೆ ಹೋಗುತ್ತಿದ್ದಾರೆ, ಬೆಟ್ಟಕ್ಕೆ ತುದಿಯುಂಟೆಂಬುದನ್ನು ಅವರು ಬಲ್ಲರು. ಆದುದರಿಂದಲೇ ಒಂದೊಂದು ತಳಿಯನ್ನೂ ಒಂದಕ್ಕಿಂತ ಹೆಚ್ಚು ಎತ್ತರಗಳಲ್ಲಿ ನೆಟ್ಟು, ಯಾವುದು ಎಲ್ಲಿ ಬದುಕುವುದೆಂದು ವರ್ಷವರ್ಷವೂ ಪರೀಕ್ಷಿಸಿ, ತಿಳಿದುದನ್ನು ಕೇಂದ್ರದ ವಿಜ್ಞಾನಿಗಳೊಡನೆ ಹಂಚಿಕೊಳ್ಳುತ್ತಿದ್ದಾರೆ.